ಬಸಳೆ ಕುಂಡದೊಳಗೆ ರೋಮನರ ತಟ್ಟೆ

ಕದಿಯುವವನಿಗೆ ತಾನು ಕದಿಯುತ್ತಿರುವುದು ಏನೆಂದಾದರೂ ಗೊತ್ತಿರಬೇಕು. ಅಷ್ಟೂ ಗೊತ್ತಿಲ್ಲದೆ ಕದ್ದವನನ್ನು ಕಳ್ಳ ಎಂದು ಕರೆದರೆ ಕಳ್ಳರಿಗೇ ಅವಮಾನ. ಎರಡು ವರ್ಷದ ಹಿಂದೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಗ ನೆಲೆಸಿರುವ ಪರದೇಶದ ಮಿಲ್ಟನ್ ಎಂಬ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾನು ಅಂಥದೊಂದು ಕೆಲಸ ಮಾಡಿದೆ. ಕದ್ದದ್ದು ಸೊಸೆಯ ವಸ್ತು, ಅಡಗಿಸಿದ್ದು ಬಸಳೆಯ ಬುಡದಲ್ಲಿ. ಅದಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ವರ್ಷ ವಯಸ್ಸಾಗಿತ್ತು ಎಂದು ತಿಳಿದದ್ದು ಆಮೇಲೆ.

ಸೊಸೆ ಸ್ಮಿತಾ ಮೈಸೂರಿನವಳು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು ಮೂವತ್ತಾರನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಯೂನಿವರ್ಸಿಟಿ ಸೇರಿದಳು. ರೋಮನರ ಕಾಲದಲ್ಲಿ ಇಟಲಿ, ಫ್ರಾನ್ಸ್, ಸ್ಪೇನ್, ಉತ್ತರ ಆಫ್ರಿಕಾಗಳ ನಡುವಿನ ಸಮುದ್ರದಲ್ಲಿ ಯಾವ ಸಾಮಾನು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ಒಡೆದ ಪಾತ್ರೆಯ ಚೂರುಗಳಿಂದ ಪತ್ತೆ ಮಾಡುವುದು ಅವಳ ಓದು. ನಾನು ಎಸ್ಸೆಸ್ಸೆಲ್ಸಿ. ಕನ್ನಡದವರ ಕೂಟಗಳಲ್ಲಿ ಯಾರಾದರೂ "ಸೊಸೆ ಏನ್ ಮಾಡ್ತಾರೆ?" ಎಂದು ಕೇಳಿದರೆ, "ಒಡೆದ ಮಡಕೆ ಕಾಯ್ತಾಳೆ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಪಕ್ಕದಲ್ಲಿ ಮೊಸರನ್ನ ಬಡಿಸುತ್ತಿದ್ದ ಅವಳೂ ಸ್ವಲ್ಪ ನಗುತ್ತಿದ್ದಳು. ಆ ಸ್ವಲ್ಪ ನಗೆ ಈಗ ನೆನಪಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗುತ್ತದೆ. ಹಾಗೆ ನಗಿಸುತ್ತಿದ್ದ ನಾನಾದರೂ ಯಾರು? ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮಣ್ಣಿನೊಳಗೇ ಇದ್ದವನು.

ಆ ಜೂನ್ ತಿಂಗಳಲ್ಲಿ ಪಿಕರಿಂಗ್ ಎಂಬಲ್ಲಿ ನೆಲೆಸಿರುವ ನಮ್ಮೂರಿನವರೊಬ್ಬರು ಬಸಳೆ ಕಡ್ಡಿ ಕೊಟ್ಟರು. ಕುಂಡದ ಅಡಿಯ ತೂತಿಗೆ ಒಂದು ಹಂಚಿನ ಚೂರು ಮುಚ್ಚದೆ ಮಣ್ಣು ತುಂಬಿಸುವವನನ್ನು ನಮ್ಮ ಕಡೆ ಮನುಷ್ಯ ಎನ್ನುವುದಿಲ್ಲ. ಆದರೆ ಈ ದೇಶದಲ್ಲಿ ಮನೆಯ ಮಾಡಿಗೆ ಹಂಚಲ್ಲ, ಟಾರಿನ ಹಾಳೆ. ಇಡೀ ಬೀದಿ ಸುತ್ತಿದರೂ ಬೆರಳಗಲದ ಹಂಚು ಸಿಗಲಿಲ್ಲ. ಕಲ್ಲು ಇಡಬಹುದಿತ್ತು, ಆದರೆ ಹಂಚಿನ ಕಾರ್ಖಾನೆಯಲ್ಲಿ ದುಡಿದವನ ಬಸಳೆಗೆ ಕಲ್ಲೇ? ಬೇಸ್‌ಮೆಂಟಿಗೆ ಇಳಿದೆ. ಮೇಜಿನ ಮೇಲೆ ಒಂದು ಟ್ರೇ, ಅದರ ತುಂಬ ಚೂರುಗಳು. ಕನ್ನಡಕ ಮೇಲೆಯೇ ಉಳಿದಿತ್ತು. ಅಂಚಿನಲ್ಲಿದ್ದುದು ಕೆಂಪಗೆ, ಅಂಗೈಯಗಲ, ನಡುವೆ ತುಸು ತಗ್ಗು. ಗೆಣ್ಣಿನಿಂದ ತಟ್ಟಿ ನೋಡಿದೆ. ಟಣ್ ಎಂದಿತು. ಚೆನ್ನಾಗಿ ಬೆಂದ ಮಾಲು. ಇಷ್ಟೊಂದರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ತೂತಿನ ಮೇಲೆ ಅದು ಕೂತ ಚಂದ ನೋಡಿ, ಮಾಡಿದವನಿಗೆ ಮನಸ್ಸಿನಲ್ಲೇ ಶಹಭಾಸ್ ಹೇಳಿದೆ.

ಮರುದಿನ, ಭಾನುವಾರ, ಕೆಳಗಿನಿಂದ ಸ್ಮಿತಾಳ ದನಿ ಕೇಳಿತು. "ಗಣೇಶ್, ನಿನ್ನೆ ಬೇಸ್‌ಮೆಂಟ್ ಕ್ಲೀನ್ ಮಾಡ್ದೆ ಅಲ್ವಾ? ಒಂದು ಪೀಸ್ ಎಲ್ಲೋಯ್ತು?"

"ನಾನ್ ರೀಸೈಕ್ಲಿಂಗ್ ಮಾತ್ರ ತೆಗ್ದಿದ್ದು ಮಾರಾಯ್ತಿ. ನಿನ್ನ ಮಡಕೆ ನಾನೇನು ಉಪ್ಪಿನಕಾಯಿ ಹಾಕ್ಲಿಕ್ಕುಂಟಾ?" ಎಂದ ಮಗ.

ಅವಳಿಗೆ ನಗು ಬರಲಿಲ್ಲ. ಚೂರುಗಳನ್ನು ಮನೆಗೆ ಒಯ್ದು ಚಿತ್ರ ಬರೆಯಲು ಪ್ರೊಫೆಸರ್ ಒಪ್ಪಿದ್ದು ಅದೇ ಮೊದಲು. ಸಹಿ ಹಾಕಿ ತಂದಿದ್ದಳು. ಬುಧವಾರ ಹಿಂದಿರುಗಿಸಬೇಕು. ಒಂದು ಕಳೆದರೆ ಇನ್ನು ಮುಂದೆ ಒಂದನ್ನೂ ಕೊಡುವುದಿಲ್ಲ, ಅಲ್ಲಿಗೆ ಅವಳ ಕೆಲಸ ನಿಂತಂತೆ. ಮೇಲೆ ಬಂದು, "ಮಾವ, ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದಳು.

"ಎಂಥದು?" ಎಂದೆ. ಆ ಒಂದು ಮಾತಿನಲ್ಲಿ ನನ್ನ ಜನ್ಮದ ಮರ್ಯಾದೆಯೆಲ್ಲ ಬಸಳೆಯ ಬುಡ ಸೇರಿತು. ಎರಡು ದಿನ ಗಂಡ ಹೆಂಡತಿ ಮಾತು ಬಿಟ್ಟರು. ಮಗ ಗ್ಯಾರೇಜಿನ ಕಸದ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ ಹುಡುಕಿದ. ನಾನು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದೆ. ಇದಕ್ಕಿಂತ ಕೆಳಗೆ ಮನುಷ್ಯ ಇಳಿಯಲು ಸಾಧ್ಯವಿದ್ದರೆ ನನಗೆ ತಿಳಿಯದು.

ಮಂಗಳವಾರ ಮಧ್ಯಾಹ್ನ ಅವಳು ಊಟ ಮುಟ್ಟದೆ ಕೂತಿದ್ದಳು. ಸಮಾಧಾನ ಹೇಳುವವನಂತೆ, "ಒಂದು ಚೂರಿಗೆ ಇಷ್ಟು ಬೇಜಾರೇ?" ಎಂದೆ.

"ಬರೀ ಚೂರಲ್ಲ ಮಾವ. ಅದರ ಮಧ್ಯದಲ್ಲಿ ಮಾಡ್ದೋನ ಹೆಸರಿನ ಸ್ಟ್ಯಾಂಪ್ ಇತ್ತು. ತಟ್ಟೆ ಮಾಡಿದ್ದು ದಕ್ಷಿಣ ಫ್ರಾನ್ಸಲ್ಲಿ, ಸಿಕ್ಕಿದ್ದು ಸ್ಪೇನಿನ ಒಂದು ಬಂದರಲ್ಲಿ. ಅದನ್ನ ತಂದ ಹಡಗಿಲ್ಲ, ಕಾಗದಪತ್ರ ಇಲ್ಲ, ಎಲ್ಲಾ ಕೊಳೆತು ಹೋಗಿದೆ. ಸುಟ್ಟ ಮಣ್ಣು ಮಾತ್ರ ಕೊಳೆಯಲ್ಲ. ಅಷ್ಟು ದೂರ ವ್ಯಾಪಾರ ನಡೀತಿತ್ತು ಅನ್ನೋಕೆ ಅದೇ ಸಾಕ್ಷಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೂವತ್ತೊಂದು ವರ್ಷ ನಾನು ಮಾಡಿದ್ದು ಅದೇ ಕೆಲಸ. ಹಸಿ ಹಂಚಿಗೆ ಕಾರ್ಖಾನೆಯ ಹೆಸರು ಒತ್ತುವುದು. ನಮ್ಮ ಹಂಚು ಹಡಗೇರಿ ಆಫ್ರಿಕಾದವರೆಗೂ ಹೋಗಿತ್ತು ಎಂದು ಹಳಬರು ಹೇಳುತ್ತಿದ್ದರು. ಅಲ್ಲಿ ಯಾವನೋ ಮುದುಕ ಅದನ್ನು ಒಡೆದು ತನ್ನ ಬಸಳೆಗೆ ಇಟ್ಟಿದ್ದರೆ?

ಎದ್ದು ಕುಂಡವಿಟ್ಟಿದ್ದ ಡೆಕ್ಕಿಗೆ, ಹಿತ್ತಲಿನ ಮರದ ಜಗಲಿಗೆ ಹೋದೆ. ಆಗಷ್ಟೇ ಚಿಗುರಲು ಹೊರಟಿದ್ದ ಬಸಳೆಯನ್ನು ಕಿತ್ತು, ಚೂರು ತೆಗೆದು, ಸಿಂಕಿನ ಬಳಿ ಹೋಗಿ ಹುಣಸೆಹಣ್ಣಿನ ಡಬ್ಬಿಗೆ ಕೈ ಹಾಕಿದೆ. ಉಜ್ಜಿ ಫಳಫಳ ಮಾಡಿ ಕೊಟ್ಟರೆ ಪಾಪ ಅರ್ಧ ಕಳೆದೀತು ಎಂಬ ಆಸೆ.

"ಮಾವ! ಹುಣಸೆಹಣ್ಣು ಬೇಡ! ಹುಳಿಗೆ ಅದರ ಮೆರುಗೇ ಹೋಗತ್ತೆ!" ಅವಳು ಹಾಗೆ ಕಿರುಚಿದ್ದನ್ನು ನಾನು ಕೇಳಿರಲೇ ಇಲ್ಲ. ಚೂರನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಹಿಂಬದಿಯಲ್ಲಿ ಯೂನಿವರ್ಸಿಟಿಯವರು ಶಾಯಿಯಲ್ಲಿ ಬರೆದಿದ್ದ ನಂಬರು ಅಳಿಸದೆ ಹಾಗೆಯೇ ಇತ್ತು. ಚೂರು ನೋಡಿದಳು, ಬೋಳು ಕುಂಡ ನೋಡಿದಳು, ನನ್ನನ್ನು ನೋಡಿದಳು.

"ಭಾನುವಾರವೇ ಗೊತ್ತಿತ್ತಾ?"

"ಗೊತ್ತಿತ್ತು ಮಗಾ."

"ಮೊದಲು ಗಣೇಶ್‌ಗೆ ಸಾರಿ ಹೇಳಿ. ಪಾಪ, ಕಸದ ಚೀಲಕ್ಕೆಲ್ಲಾ ಕೈ ಹಾಕಿದ." ಆಮೇಲೆ ಚೂರನ್ನು ಬೆಳಕಿಗೆ ಹಿಡಿದು, "ಇದನ್ನೇ ಯಾಕೆ ಆರಿಸಿದ್ರಿ?" ಎಂದಳು.

ಟಣ್ ಎಂದ ಸದ್ದಿನ ವಿಷಯ ಹೇಳಿದೆ. ಅವಳು ನೋಟ್‌ಬುಕ್ ತಂದಳು. ಮಣ್ಣು ಹದ ಬಂತೆಂದು ಹೇಗೆ ತಿಳಿಯುವುದು, ಅಚ್ಚು ಸವೆದರೆ ಏನು ಮಾಡುತ್ತಿದ್ದಿರಿ, ಸೊಟ್ಟಗಾದ ಹಂಚು ಎಲ್ಲಿಗೆ ಹೋಗುತ್ತಿತ್ತು ಎಂದು ಒಂದೊಂದಾಗಿ ಕೇಳಿದಳು. ಮಗ ಕೆಲಸದಿಂದ ಬಂದು, ಅವನಿಗೆ ಸಾರಿ ಹೇಳಲು ಏಳುವವರೆಗೂ ಹೇಳುತ್ತಲೇ ಇದ್ದೆ. ಮೂವತ್ತೊಂದು ವರ್ಷದ ಆ ದುಡಿಮೆಯ ಬಗ್ಗೆ ಅದುವರೆಗೆ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಕದ್ದವನ ಮುಂದೆ ಕೂತು ಅವನ ಕಸುಬನ್ನು ಗೌರವದಿಂದ ಬರೆದುಕೊಂಡ ಆ ಹುಡುಗಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ? ಈಗ ಯಾರಾದರೂ ಕೇಳಿದರೆ, "ಸೊಸೆಗೂ ನನಗೂ ಒಂದೇ ಕಸುಬು" ಎನ್ನುತ್ತೇನೆ. ಬಸಳೆಗೆ ಮಾನಾಭಿಮಾನ ಕಡಿಮೆ. ಮತ್ತೆ ನೆಟ್ಟರೆ ಮತ್ತೆ ಚಿಗುರಿತು. ಈ ಸಲ ತೂತಿಗೆ ಕಲ್ಲು.

ಆ ಬುಧವಾರ ಅವಳು ಪ್ರೊಫೆಸರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳಂತೆ. ಅವರು ಮೊದಲು ಹಣೆ ಒತ್ತಿಕೊಂಡರಂತೆ, ಆಮೇಲೆ ಮುಂದಿನ ಟ್ರೇ ಕೊಟ್ಟರಂತೆ. ಪ್ರತಿ ಚೂರಿಗೂ ಅದು ಎಲ್ಲೆಲ್ಲಿತ್ತು ಎಂದು ಬರೆದಿಡುವ ಒಂದು ಕಾರ್ಡು ಇರುತ್ತದೆ. ಅದರ ಫೋಟೋ ತೋರಿಸಿ ನನಗೆ ಕನ್ನಡದಲ್ಲಿ ಓದಿ ಹೇಳಿದಳು. "ಮಾಡಿದ್ದು ದಕ್ಷಿಣ ಫ್ರಾನ್ಸ್. ಸಿಕ್ಕಿದ್ದು ಸ್ಪೇನಿನ ಬಂದರು. ಮೂರು ದಿನ ಮಿಲ್ಟನ್ನಿನಲ್ಲಿ, ಸೊಪ್ಪಿನ ಕುಂಡದೊಳಗೆ."

"ನನ್ನ ಹೆಸರು?"

"ಹಾಕಿಲ್ಲ ಮಾವ. ನಿಮ್ಮ ಮರ್ಯಾದೆ ಉಳಿಸಿದೀನಿ."

ಕೈ ಮುಗಿದೆ. ಆದರೂ ಕೋಣೆಗೆ ಬಂದು ಕೂತಾಗ, ನಿಜ ಹೇಳುತ್ತೇನೆ, ಸ್ವಲ್ಪ ಬೇಜಾರಾಯಿತು. ಮೂವತ್ತೊಂದು ವರ್ಷ ಕಾರ್ಖಾನೆಯ ಹೆಸರು ಒತ್ತಿದವನಿಗೆ ಸ್ವಂತ ಹೆಸರು ಒತ್ತುವ ಅವಕಾಶ ಒಂದೇ ಒಂದು ಸಲ ಬಂದಿತ್ತು.