ಗುಡ್ಡದ ಮೇಲಿನ ಸೀಟಿ

ಕೊಟ್ಟಿಗೆಹಾರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಯೋಗೇಶನಿಗೆ ಯಾರ ಫೋನೂ ಬಾರದ ಕಡೆ ಒಂದು ದಿನ ಇರಬೇಕೆನಿಸಿದ್ದೇ ಎಲ್ಲ ರಗಳೆಗೂ ಮೂಲ. ಸಂಸೆಯ ಹತ್ತಿರ ಗುಡ್ಡದ ನೆತ್ತಿಯಲ್ಲಿ ಚಾರಣಿಗರಿಗೆಂದು ಕಟ್ಟಿದ ತಗಡಿನ ಗುಡಿಸಲಿತ್ತು. ಅಲ್ಲಿಗೆ ಒಬ್ಬನೇ ಹೊರಟಾಗ ಹೆಂಡತಿ ಅರ್ಚನಾ ಅವನ ಕೊರಳಿಗೆ ಸೀಟಿ ಕಟ್ಟಿದಳು.

"ಏನಾದ್ರೂ ಆದ್ರೆ ಮೂರು ಸಲ ಊದಿ. ಕೇಳಿದೋರು ಬರ್ತಾರೆ."

"ನಾನೇನು ಬಸ್ ಕಂಡಕ್ಟರಾ?" ಎಂದು ಗೊಣಗಿಕೊಂಡೇ ಯೋಗೇಶ ಗುಡ್ಡ ಹತ್ತಿದ.

ಗುಡಿಸಲಿನ ಮೆಟ್ಟಿಲಲ್ಲೇ ಕಾಲು ಜಾರಿತು. ಪಾದ ಕಡುಬಿನಂತೆ ಊದಿಕೊಂಡಿತು. ಊರಿಗೆಲ್ಲ ಸಿಮ್ ಮಾರುವವನ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಕೆಳಗಿನ ತೋಟದಲ್ಲಿ ಹೆಂಗಸರು ಕಾಫಿ ಹಣ್ಣು ಕುಯ್ಯುತ್ತಿದ್ದರು. ಯೋಗೇಶ ಉಸಿರೆಳೆದುಕೊಂಡು ಮೂರು ಸಲ ಊದಿದ.

ಎಲ್ಲರೂ ತಲೆಯೆತ್ತಿದರು. ಒಬ್ಬಳು ಕೈ ಬೀಸಿದಳು. ಯೋಗೇಶನ ಕಣ್ಣು ತುಂಬಿ ಬಂತು. ಅವರು ಚೀಲ ಹೊತ್ತು, ಶಾಲೆ ಬಿಟ್ಟ ಮಕ್ಕಳಂತೆ ನಗುತ್ತಾ, ಗುಡ್ಡಕ್ಕೆ ಬೆನ್ನು ಹಾಕಿ ಆಳುಗಳು ವಾಸಿಸುವ ಲೈನ್ ಮನೆಗಳ ಕಡೆ ನಡೆದೇಬಿಟ್ಟರು. ಮತ್ತೆ ಊದಿದ. ಕಣದಲ್ಲಿ ಕಾಫಿ ಹರಡುತ್ತಿದ್ದ ಗಂಡಾಳುಗಳೂ ಮನೆ ದಾರಿ ಹಿಡಿದರು.

"ಥೂ, ಇವರೂ ಮನುಷ್ಯರಾ," ಎಂದು ಯೋಗೇಶ ಹಲ್ಲು ಕಡಿದ.

ಸ್ವಲ್ಪ ಹೊತ್ತಿಗೆ ಜೀಪೊಂದು ಗುರುಗುಟ್ಟುತ್ತಾ ಮೇಲೆ ಬಂತು. ತೋಟದ ಸಾಹುಕಾರ ಮಲ್ಲಿಕಾರ್ಜುನ ಇಳಿದರು. ಮೀಸೆ ಅದುರುತ್ತಿತ್ತು.

"ಸೀಟಿ ಊದಿದ್ದು ನೀನೇನಯ್ಯಾ?"

"ಹೌದು ಸಾರ್. ಕಾಲು ಉಳುಕಿ ಬಿದ್ದಿದೀನಿ, ನಿಮ್ಮ ಆಳುಗಳು ಕೈ ಬೀಸಿ ಹೋದ್ರು."

"ಹೋಗದೆ ಏನ್ ಮಾಡ್ತಾರೆ? ಮೂರು ಸೀಟಿ ಅಂದ್ರೆ ನಮ್ಮಲ್ಲಿ ಕೆಲಸ ಬಿಡೋ ಹೊತ್ತು. ಹಣ್ಣು ಉದುರ್ತಾ ಇದೆ, ಆಳು ಸಿಗಲ್ಲ, ನೀನು ಊಟಕ್ಕೆ ಮುಂಚೆನೇ ಎಲ್ಲರನ್ನೂ ಮನೆಗೆ ಕಳಿಸಿದ್ಯಲ್ಲ ಮಾರಾಯ."

"ಅಂದ್ರೆ ಕಾಲು ಮುರಿದೋನು ನಿಮ್ಮ ಲೆಕ್ಕ ಬರೆಯೋ ರೈಟರನ್ನ ಕೇಳಿ ಸೀಟಿ ಊದ್ಬೇಕಾ?"

ಬೈಯುತ್ತಲೇ ಸಾಹುಕಾರರು ಅವನನ್ನು ಜೀಪಿಗೆ ಹತ್ತಿಸಿದರು. ಇಳಿಜಾರಿನಲ್ಲೂ ಹಿಂದಕ್ಕೆ ತಿರುಗಿ ಬುದ್ಧಿ ಹೇಳುತ್ತಿದ್ದರಿಂದ ಚಕ್ರ ಗುಂಡಿಗಿಳಿಯಿತು. ಇಳಿದು, ಸಿಟ್ಟಿನಿಂದ ಒಬ್ಬರೇ ನೂಕಿದರು. ಸೊಂಟ 'ಕಟಕ್' ಎಂದಿತು. ಬಗ್ಗಿದವರು ಬಗ್ಗಿದ ಹಾಗೇ ಬಾನೆಟ್ ತಬ್ಬಿಕೊಂಡರು.

"ಫೋನು?" ಯೋಗೇಶ ಕೇಳಿದ.

"ಮನೇಲೇ ಇದೆ. ಸಿಟ್ಟಲ್ಲಿ ಯಾರಿಗೂ ಹೇಳದೆ ಬಂದೆ." ಸಾಹುಕಾರರ ದನಿ ಇಳಿದಿತ್ತು. "ಒಂದು ಸೀಟಿ ಅಂದ್ರೆ ಕೆಲಸಕ್ಕೆ ಬನ್ನಿ ಅಂತ. ಒಂದೇ ಒಂದು ಊದಪ್ಪಾ."

ಯೋಗೇಶ ಉದ್ದಕ್ಕೆ ಊದಿದ. ಲೈನ್ ಮನೆಯೊಂದರ ಬಾಗಿಲು ತೆರೆದು ಆಳುಗಳ ಮೇಸ್ತ್ರಿ ಲಕ್ಕಯ್ಯ ಹೊರಬಂದ. ಇಬ್ಬರೂ ಒಟ್ಟಿಗೆ ಕೂಗಿಕೊಂಡರು. ಗಾಳಿ ಕೆಳಗಿನಿಂದ ಬೀಸುತ್ತಿತ್ತು. ಇವರ ಕೂಗು ಅವನಿಗೆ ಮುಟ್ಟಲಿಲ್ಲ, ಅವನದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಮನೆಗೆ ಕಳಿಸಿ ಮತ್ತೆ ಕರೆಯೋದು ಯಾವ ನ್ಯಾಯ ಸಾವ್ಕಾರ್ರೆ? ಎಷ್ಟು ಊದಿದ್ರೂ ಇವತ್ತು ಒಬ್ರೂ ಬರಲ್ಲ."

ಬಾಗಿಲು ಮುಚ್ಚಿಕೊಂಡಿತು.