ಟೀಸೆನ್ ಒಪ್ಪಿಕೊಂಡ ತಪ್ಪು

ಬೆಳಿಗ್ಗೆ ಹತ್ತೂಕಾಲಿಗೆ ಯೋರ್ನ್ ಟೀಸೆನ್‌ನ ಪರದೆಯ ಮೇಲೆ ತೆಳ್ಳನೆಯ ಗೆರೆಯೊಂದು ಮೂಡಿತು. ಅಷ್ಟಕ್ಕೇ ಅವನು ಕುರ್ಚಿ ಮುಂದೆಳೆದು ಪರದೆಗೆ ಮೂಗು ತಾಗಿಸಿದ.

ಜರ್ಮನಿಯ ಉತ್ತರ ಕರಾವಳಿಯ ಆ ಸಂಶೋಧನಾಲಯದಲ್ಲಿ, ಕಾಂತಗಳ ಪಂಜರದೊಳಗೆ ಸೂರ್ಯನಿಗಿಂತ ಬಿಸಿಯಾದ ಅನಿಲವನ್ನು ಕೂಡಿಹಾಕುತ್ತಿದ್ದರು. ಕಾವೇರಿಸಲು ಹೊರಗಿನಿಂದ ಅತಿವೇಗದ ಕಣಗಳನ್ನು ಹೊಡೆಯುತ್ತಿದ್ದರು. ಕೆಲವೊಮ್ಮೆ ಆ ಕಣಗಳೇ ಒಳಗೆ ಅಲೆ ಎಬ್ಬಿಸುತ್ತವೆ; ಅಲೆ ಬಲಿತರೆ, ಉಯ್ಯಾಲೆ ತಳ್ಳಿದವನನ್ನೇ ಉಯ್ಯಾಲೆ ಗುದ್ದುವಂತೆ, ಅದೇ ಕಣಗಳನ್ನು ಗೋಡೆಗೆ ಒಗೆಯುತ್ತದೆ. ಗೋಡೆ ಸುಟ್ಟರೆ ಆರು ತಿಂಗಳು ಯಂತ್ರ ಬಂದ್. ಅಲೆಯ ಸುಳಿವು ಹಿಡಿಯುವ ತಂತಿಸುರುಳಿಗಳನ್ನು ನೋಡಿಕೊಳ್ಳುವುದು ಟೀಸೆನ್‌ನ ಕೆಲಸ. ಆ ಕೆಲಸ ಖಾಯಂ ಆಗುವುದೋ ಇಲ್ಲವೋ, ಶುಕ್ರವಾರ ತೀರ್ಮಾನವಾಗಲಿತ್ತು.

ಇನ್ನೊಂದು ಭಯವೂ ಇತ್ತು. ನಿನ್ನೆ ಸುರುಳಿಯ ಕೇಬಲ್ ಬದಲಿಸಿದವನು ಅವನೇ. ಕೊನೆಯ ತಿರುಪು ಬಿಗಿ ಮಾಡಿದೆನೇ? ಮಾಡಿದ ನೆನಪಿತ್ತು. ಆದರೆ ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಹಿಂದಿರುಗಿ ಎಳೆದು ನೋಡುವ ಪ್ರಾಣಿ ಅವನು. ಸಡಿಲ ತಿರುಪೂ ಇಂಥದೇ ಗೆರೆ ಎಳೆಯಬಲ್ಲದು.

"ಏನೋ ಅದು?" ಕಣ ಹೊಡೆಯುವ ಯಂತ್ರದ ಗೆರ್ಡ್ ಲ್ಯೂಬೆ, ಕೈಯಲ್ಲಿ ಮೀನಿನ ಬನ್ನು ಹಿಡಿದು ಕುರ್ಚಿಯನ್ನು ಉರುಳಿಸಿಕೊಂಡು ಬಂದ. "ನಿನ್ನ ಮುಖ ಈ ಬನ್ನಿನೊಳಗಿನ ಹೆರಿಂಗ್ ಮೀನಿನ ಥರ ಆಗಿದೆಯಲ್ಲೋ!"

"ಅಲೆ... ಇರಬಹುದು."

"ಮೇಡಂ! ಟೀಸೆನ್ ಅಲೆ ಹಿಡ್ದಿದ್ದಾನೆ!"

ನಿಯಂತ್ರಣ ಕೊಠಡಿಯೆಲ್ಲ ಅವನ ಬೆನ್ನ ಹಿಂದೆ ನೆರೆಯಿತು. ದಿನದ ಪ್ರಯೋಗದ ಮುಖ್ಯಸ್ಥೆ ಫ್ರೌಕೆ ಒಟೆನ್ಸ್ ಕನ್ನಡಕ ಏರಿಸಿದಳು.

"ಅಲೇನಾ? ಖಚಿತಾನಾ? ಹೌದು ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ಇಲ್ಲ ಅಂದ್ರೆ ಮಧ್ಯಾಹ್ನ ಪೂರ್ತಿ ಶಕ್ತೀಲಿ ಹೊಡೆಯೋದು."

"ಒಳಗೆ ಹೋಗಿ ಕೇಬಲ್ ನೋಡಿ ಬರ್ಲಾ ಮೇಡಂ?"

"ವಿಕಿರಣ ಇರುತ್ತೆ, ಸಂಜೆವರೆಗೂ ಬಾಗಿಲು ತೆಗೆಯೋ ಹಾಗಿಲ್ಲ. ಗೊತ್ತಿಲ್ವಾ ನಿಮಗೆ?"

ಮುಂದಿನ ಹೊಡೆತಕ್ಕೆ ಗೆರೆ ದಪ್ಪವಾಯಿತು. ಅದರ ಮುಂದಿನದಕ್ಕೆ ಗೆರೆಗಳು ಮೂರಾದವು.

"ಒಂಬತ್ತು ತಿಂಗಳಿಂದ ಈ ದಿನಕ್ಕೆ ಕಾದಿದ್ದೀವಿ ಮಾರಾಯ," ಲ್ಯೂಬೆ ಕಿವಿಯಲ್ಲಿ ಹೇಳಿದ. "ಸುಳ್ಳು ಗೆರೆ ನಂಬಿ ನಿಲ್ಲಿಸಿದ್ರೆ, ಶುಕ್ರವಾರ ನಿನ್ನ ಪರ ಬಾಯಿ ಬಿಡೋರು ಒಬ್ರೂ ಸಿಗಲ್ಲ."

ಮಧ್ಯಾಹ್ನ, ಪೂರ್ತಿ ಶಕ್ತಿಯ ಹೊಡೆತಕ್ಕೆ ಮುಂಚಿನ ಎಚ್ಚರಿಕೆಯ ಗಂಟೆ ಹೊಡೆಯಿತು. ಟೀಸೆನ್ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ.

"ಮೇಡಂ, ತಪ್ಪು ನಂದು! ನಿನ್ನೆ ತಿರುಪು ಬಿಗಿ ಮಾಡಿಲ್ಲ. ಅದು ಅಲೆ ಅಲ್ಲ. ಕ್ಷಮಿಸಿ!"

ಒಟೆನ್ಸ್ ಹತ್ತಿರ ಬಂದು, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಅವನ ಭುಜ ತಟ್ಟಿದಳು. "ಇಷ್ಟು ಜನರ ಮುಂದೆ ಒಪ್ಪಿಕೊಳ್ಳೋ ಧೈರ್ಯ ಎಲ್ಲರಿಗೂ ಬರಲ್ಲ. ಶುಕ್ರವಾರ ಇದನ್ನ ಖಂಡಿತ ಹೇಳ್ತೀನಿ. ಲ್ಯೂಬೆ, ಪೂರ್ತಿ ಶಕ್ತಿ!"

ಟೀಸೆನ್ ಬೆಳಿಗ್ಗೆಯಿಂದ ಮೊದಲ ಸಲ ಸರಿಯಾಗಿ ಉಸಿರೆಳೆದ.

ಆ ಉಸಿರು ಹೊರಬರುವ ಮುನ್ನವೇ ಒಳಗಿನ ಕ್ಯಾಮೆರಾದ ಚಿತ್ರ ಬೆಳ್ಳಗಾಯಿತು. ಗೋಡೆಯಿಂದ ಕಿಡಿಗಳು ಸುರಿದವು. ಆಮೇಲೆ ಪರದೆಗಳೆಲ್ಲ ಕಪ್ಪಾದವು.

ಸಂಜೆ ಬಾಗಿಲು ತೆರೆದಾಗ ಲ್ಯೂಬೆ ಸ್ಪ್ಯಾನರ್ ಹಿಡಿದು ಒಳಗೆ ಹೋಗಿ, ಬೆವರಿಕೊಂಡು ಬಂದ. "ಆ ತಿರುಪು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ ಮೇಡಂ. ಅಷ್ಟು ಬಿಗಿಯಾಗಿದೆ."

"ಹಾಗಾದ್ರೆ ನನ್ನ ಕೆಲಸದಲ್ಲಿ ತಪ್ಪಿರ್ಲಿಲ್ವಾ?" ಟೀಸೆನ್ ತೊದಲಿದ.

"ಇಲ್ಲ ಟೀಸೆನ್," ಒಟೆನ್ಸ್ ಅವನತ್ತ ನೋಡಲಿಲ್ಲ. "ಕೆಲಸ ಅಚ್ಚುಕಟ್ಟಾಗೇ ಇತ್ತು. ಗೋಡೇನ ಸುಟ್ಟಿದ್ದು ನೀವು ಕೇಳಿದ ಕ್ಷಮೆ."

"ಕ್ಷಮಿಸಿ ಮೇಡಂ," ಎಂದ ಟೀಸೆನ್.