ಕಾಕಾ ಮತ್ತು ಕರಿ ಕಾಗದದ ಬಾಟಲಿ

ನಮ್ಮ ಕಾಕಾ ಬಿಸಿಲಿಗೆ ಹೆದರುತ್ತಾರೆ ಎಂದು ಬೆಟಗೇರಿಯ ಅರ್ಧ ಮಂದಿ ನಂಬಿದ್ದಾರೆ. ಹೆದರುವುದು ಅವರಲ್ಲ, ಅವರ ಬಾಟಲಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಹಳೆಯ ಶಿಷ್ಯೆಯೊಬ್ಬಳ ಪ್ರಯೋಗಾಲಯದಿಂದ ಚಿಟಿಕೆ ಪುಡಿ ತಂದರು. ಅದನ್ನು ದ್ರಾವಣ ಮಾಡಿ, ಬೆಳಕು ತಾಗದಂತೆ ಕರಿ ಕಾಗದ ಸುತ್ತಿ, ಹೋದಲ್ಲೆಲ್ಲ ಒಯ್ಯುತ್ತಾರೆ. ಹೆಸರು ಕ್ರೌನ್ ಈಥರ್. ಕ್ರೌನ್ ಎಂದರೆ ಕಿರೀಟ ಎಂದು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಓಣಿಯಲ್ಲಿ ಅವರು ಮಹಾರಾಜರು!

ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಪಕ್ಕದ ಎಲೆಯ ಬೀಗರು, ಈಗ ಏನು ನಡೆಸಿದ್ದೀರಿ ಎಂದು ಕೇಳಿದರು. ಕೇಳಬಹುದೇ? ಕಾಕಾ ಹೋಳಿಗೆ ಬದಿಗೆ ಸರಿಸಿದರು.

“ಕೊಡಾ ಹೊರೂವಾಗ ತಲಿ ಮ್ಯಾಲೆ ಸಿಂಬಿ ಇಡ್ತಾರಲ್ರಿ, ಈ ಅಣು ಅಂಥಾ ಸಿಂಬಿ. ಲೀಥಿಯಂ ಅನ್ನೋ ಸಣ್ಣ ಕೊಡಾ ಅದರಾಗ ಬರೋಬ್ಬರಿ ಕುಂಡರ್ತೈತಿ. ನೇರಳಾತೀತ ಬೆಳಕು ಬಿದ್ರ ಸಿಂಬಿಗೆ ಅಂಟಿದ ಬಾಲ ಬಿಚ್ಚಿ ಕೊಡಾ ಗಟ್ಟಿ ಹಿಡೀತೈತಿ, ಬಣ್ಣ ಗುಲಾಬಿ ಆಗ್ತೈತಿ. ಸಾದಾ ಬೆಳಕು ಬಿದ್ರ ಬಾಲ ಮಡಚಿ ಬಿಟ್ಟುಬಿಡ್ತೈತಿ.”

ಬೀಗರು ಮಜ್ಜಿಗೆ ಬರುವ ಮೊದಲೇ ಎದ್ದುಹೋದರು.

ಚಳಿಗಾಲದಲ್ಲಿ ಅವರನ್ನು ಮಾಗಡಿ ಕೆರೆಗೆ ಕರೆದೊಯ್ದೆವು. ಎಲ್ಲರೂ ಹೊರದೇಶದ ಹಕ್ಕಿ ನೋಡುತ್ತಿದ್ದರೆ ಕಾಕಾ ಕೆರೆಗೆ ಬೆನ್ನು ಮಾಡಿ, ತಲೆ ಮೇಲೆ ಶಾಲು ಹೊದ್ದು, ಒಳಗೆ ಬಾಟಲಿಯ ಮೇಲೆ ನೇರಳಾತೀತ ಟಾರ್ಚು ಹಾಕಿ ಕುಳಿತಿದ್ದರು. ಕಾವಲುಗಾರ ಬಂದು ವಿಚಾರಿಸಿದ. ಈ ಕೆರಿಯಾಗ ಲೀಥಿಯಂ ಐತೇನು ಎಂದು ನೋಡುತ್ತಿದ್ದೇನೆ ಎಂದರು. ಅದು ಯಾವ ದೇಶದ ಹಕ್ಕಿ ಎಂದು ಅವನು ಕೇಳಿದ.

ಇಷ್ಟಕ್ಕೂ ಲೀಥಿಯಮ್ಮೇ ಯಾಕೆ? ನಾವು ಯಾರೂ ಕೇಳಿರಲಿಲ್ಲ. ಕಳೆದ ಬೇಸಿಗೆಯಲ್ಲಿ ತಿಳಿಯಿತು. ಅವರ ಹೆಂಡತಿ, ಅಂದರೆ ನನ್ನ ಚಿಗವ್ವ, ಮನಸ್ಸಿನ ಕಾಯಿಲೆಗೆ ಎಷ್ಟೋ ವರ್ಷಗಳಿಂದ ಲೀಥಿಯಂ ಗುಳಿಗೆ ನುಂಗುತ್ತಾಳೆ. ರಕ್ತದಲ್ಲಿ ಅದು ಕಡಿಮೆಯಾದರೆ ಗುಣವಿಲ್ಲ, ಹೆಚ್ಚಾದರೆ ವಿಷ. ಹಾಗಾಗಿ ಆಗಾಗ ಹುಬ್ಬಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಮನೆಯಲ್ಲೇ ಒಂದು ಹನಿಯಲ್ಲಿ ಅಳೆಯಬೇಕೆಂಬುದು ಕಾಕಾನ ಹಟ. ಆದರೆ ರಕ್ತದ ತುಂಬ ಸೋಡಿಯಂ; ಆ ಗದ್ದಲದಲ್ಲಿ ಲೀಥಿಯಂ ಹುಡುಕಲು ಅವರ ಬಾಟಲಿಗೆ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನೆರೆಮನೆಯವರ ಮಾತು ಕೇಳಿ ಚಿಗವ್ವ ಉಪ್ಪು ಬಿಟ್ಟಿದ್ದಳು. ಉಪ್ಪು ಕಡಿಮೆಯಾದರೆ ಮೈಯಲ್ಲಿ ಲೀಥಿಯಂ ಏರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಒಂದು ಮುಂಜಾನೆ ಪಲ್ಯ ಬಡಿಸುವಾಗ ಅವಳ ಕೈಯಲ್ಲಿನ ಚಮಚ ನಡುಗಿತು, ಮಾತು ತೊದಲಿತು. ಕಾಕಾ ಬಾಟಲಿಯ ಕಡೆ ನೋಡಲೂ ಇಲ್ಲ. ನನಗೆ ಕಾರು ತೆಗೆಯಲು ಹೇಳಿ ಅವಳನ್ನು ನೆಟ್ಟಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಐದನೆಯ ದಿನ ಮನೆಗೆ ಬಂದವರೇ ಕಾಕಾ ಬಾಟಲಿ ಹಿಡಿದು ಬಚ್ಚಲಿಗೆ ಹೋದರು.

“ಚೆಲ್ಲಬ್ಯಾಡ್ರಿ,” ಎಂದಳು ಚಿಗವ್ವ.

“ಹೊತ್ತಿಗೆ ಇದು ಉಪಯೋಗಕ್ಕ ಬರಲಿಲ್ಲ.”

“ನನ್ನ ಕೈ ನೋಡಿ ನಿಮಗ ಗೊತ್ತಾತಲ್ಲ.”

“ಅದು ಅಳತಿ ಅಲ್ಲ.”

“ಮತ್ತ ಏನದು?”

ಕಾಕಾ ಬಚ್ಚಲಿನಿಂದ ಹೊರಬಂದರು. ಬಾಟಲಿಯನ್ನು ಗೂಡಿನಲ್ಲಿಟ್ಟು, ಒಂದು ಲೋಟ ನೀರು ತಂದರು. ಅವಳ ಬೆರಳುಗಳು ಇನ್ನೂ ಅದುರುತ್ತಿದ್ದವು. ತಾವೇ ಲೋಟ ಹಿಡಿದು, ಮುಗಿಯುವ ತನಕ ಕುಡಿಸಿದರು.